ಟೀ ಚೀಲದ ಬೆಳ್ಳಿ ಹೂವು

ಮಾರ್ಚ್ 10, ಸೋಮವಾರ

ಮಾಮಿ ನಿನ್ನೆ ಬಂದರು. ಬಂದು ಇಡೀ ಒಂದು ದಿನ ಕಳೆಯಿತು, ಇನ್ನೂ ನನ್ನನ್ನು ಬೈದಿಲ್ಲ. ಇದನ್ನು ಎಲ್ಲಾದರೂ ಬರೆದಿಡಲೇಬೇಕು ಅನ್ನಿಸಿ, ಟೀ ಫ್ಯಾಕ್ಟರಿಯವರು ಕೊಟ್ಟಿದ್ದ ಡೈರಿಯನ್ನು ಹುಡುಕಿ ತೆಗೆದಿದ್ದೇನೆ.

ಕನ್ನಡದಲ್ಲಿ ಬರೆಯುವುದರಿಂದ ಭಯವಿಲ್ಲ. ಅಪ್ಪ ಗುಂಡ್ಲುಪೇಟೆಯಲ್ಲಿ ಆಲೂಗಡ್ಡೆ ಮಂಡಿ ಇಟ್ಟಿದ್ದರಿಂದ ನಾನು ಶಾಲೆ ಕಲಿತದ್ದು ಅಲ್ಲಿ. ಈ ಮನೆಯಲ್ಲಿ ಮಾತಾಡುವುದು ಬಡಗ, ಓದುವುದು ತಮಿಳು. ಕನ್ನಡ ಅಕ್ಷರ ಕಂಡರೆ ನನ್ನ ಗಂಡ ರಾಜೇಶನಿಗೆ ಯಾರೋ ಜಿಲೇಬಿ ಸುತ್ತಿಟ್ಟಂತೆ ಕಾಣುತ್ತದಂತೆ. ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ಮಾಮಿ ಎಂದರೆ ನನ್ನ ಅತ್ತೆ, ನಂಜಿ. ನೀಲಗಿರಿಯ ಎಮರಾಲ್ಡ್ ಅಣೆಕಟ್ಟಿನ ಈಚೆ ದಡದ ಹಟ್ಟಿಗಳಲ್ಲಿ ಅವರ ನಾಲಗೆಯ ರುಚಿ ನೋಡದವರಿಲ್ಲ. ಮದುವೆಯಾಗಿ ಬಂದ ದಿನದಿಂದ ನಾನು ಏನು ಮಾಡಿದರೂ ಅವರ ಬಾಯಲ್ಲಿ ಒಂದೇ ಮಾತು: "ಗುಂಡ್ಲುಪೇಟೆ ಬುದ್ಧಿ!" ಸಾರಿಗೆ ಉಪ್ಪು ಹೆಚ್ಚಾದರೂ ಗುಂಡ್ಲುಪೇಟೆ ಬುದ್ಧಿ, ಮಳೆ ಬರುವಾಗ ಬಟ್ಟೆ ಒಣಗಿಸಿದರೂ ಗುಂಡ್ಲುಪೇಟೆ ಬುದ್ಧಿ. ಪಾಪ, ಆ ಊರು ಇವರಿಗೆ ಏನು ಮಾಡಿತ್ತೋ.

ಕಳೆದ ಮಳೆಗಾಲದಲ್ಲಿ ಹಳೆಯ ಮನೆಯ ಎತ್ತರದ ಕಲ್ಲುಹೊಸಿಲಿಗೆ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು. ನನ್ನ ನಾದಿನಿ ಮಲ್ಲಿಯ ಮನೆ ಅಲ್ಲೇ ಇರುವುದರಿಂದ ಇಷ್ಟು ತಿಂಗಳೂ ಅಲ್ಲೇ ಇದ್ದರು. ಅಷ್ಟರಲ್ಲಿ ನಾವು ಆ ಹಳೆಯ ಮನೆ ಕೆಡವಿ, ಅದೇ ಜಾಗದಲ್ಲಿ ಹೊಸದು ಕಟ್ಟಿದೆವು. ಮಾಮಿ ಇನ್ನೊಮ್ಮೆ ಬೀಳಬಾರದೆಂದು ಎಲ್ಲೂ ಹೊಸಿಲೇ ಇಟ್ಟಿಲ್ಲ. ಕೂರುವ ಕಕ್ಕಸು, ಹಿಡಿಯಲು ಸ್ಟೀಲಿನ ಕಂಬಿ, ಜಾರದ ಟೈಲ್ಸ್. ಅವರಿಗೆ ಒಂದು ಮಾತೂ ಹೇಳದೆ ಬಂದಾಗ ತೋರಿಸಿ ಬೆರಗುಗೊಳಿಸಬೇಕೆಂದು ಅಣ್ಣ ತಂಗಿ ಸೇರಿ ಹೂಡಿದ ಹೂಟ ಇದು. ಜನವರಿಯಲ್ಲಿ ತೈ ತಿಂಗಳ ಒಳ್ಳೆಯ ದಿನ ತಪ್ಪಿಸಬಾರದೆಂದು ಆಗಲೇ ಮನೆ ಒಕ್ಕಲಾಯಿತು. ನಾನೇ ದೀಪ ಹಿಡಿದು ಒಳಗೆ ಬಂದೆ, ನಾನೇ ಹಾಲು ಕಾಯಿಸಿದೆ. ಹೊಸ ಕರಿ ಗ್ರಾನೈಟಿನ ಮೇಲೆ ಚೆಲ್ಲಿ ಕಲೆಯಾದೀತೆಂದು ಹಾಲು ಉಕ್ಕುವ ಮುಂಚೆಯೇ ಗ್ಯಾಸ್ ಆರಿಸಿದೆ. ಇಂಥ ಜಾಣತನವೆಲ್ಲ ನನ್ನದೇ.

ನಿನ್ನೆ ಕಾರಿನಿಂದಿಳಿದ ಮಾಮಿ ಅಂಗಳದಲ್ಲಿ ಕೋಲೂರಿ ಸುಮಾರು ಹೊತ್ತು ನಿಂತರು.

"ಇದು ಯಾರ ಮನೆ?" ಎಂದರು.

"ನಂಗಳದೇ ಅವ್ವೆ!" ಎಂದು ಇವರು ಹಲ್ಲು ಕಿರಿದರು.

ಮಾಮಿ ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಒಳಗೆ ಬಂದು, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಗೋಡೆ ನೋಡಿದರು, ಮೇಲೆ ನೋಡಿದರು. "ಒಳ್ಳಿತು. ಒಳ್ಳಿತಾಗಿ ಕಟ್ಟಿದ್ದೀರ" ಎಂದರು. ನಾನು ಕೊಟ್ಟ ಕಾಫಿ ಕುಡಿದು, "ಕಾಫಿ ಒಳ್ಳಿತು ಕಲಾ" ಎಂದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನದು ಬಂತು ಅಂದುಕೊಂಡೆ.

ಮಾರ್ಚ್ 13, ಗುರುವಾರ

ಇವತ್ತು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಮಾಮಿ ತಟ್ಟೆ ಖಾಲಿ ಮಾಡಿ, "ಸಾರು ಒಳ್ಳಿತು" ಎಂದರು.

ಮಾರ್ಚ್ 16, ಭಾನುವಾರ

ಮಲ್ಲಿ ಫೋನ್ ಮಾಡಿದ್ದಳು. ಮಾಮಿ ಅವಳಿಗೆ ಹೇಳಿದ್ದಾರಂತೆ: ಚಿತ್ತಿರೆ ತಿಂಗಳ ಮೊದಲ ದಿನ, ಹೊಸವರ್ಷದ ಹಬ್ಬ, ಇಲ್ಲಿ ಮುಗಿಸಿಕೊಂಡು ಕೊಯಮತ್ತೂರಿಗೇ ವಾಪಸು ಬರುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು. "ಅಣ್ಣನ ಮನೆ ಅಷ್ಟು ಚೆನ್ನಾಗಿದೆಯಲ್ಲ, ಯಾಕವ್ವೆ ಅಂದೆ. ಚೆನ್ನಾಗಿದೆ, ಅದಕ್ಕೇ ಬರ್ತೇನೆ ಅಂತಾರೆ. ಏನಾಯ್ತು ಅತ್ತಿಗೆ?" ಎಂದು ಮಲ್ಲಿ ನನ್ನನ್ನು ಕೇಳಿದಳು. ನನಗೇನು ಗೊತ್ತು?

ಇವರು ಸುದ್ದಿ ಕೇಳಿ ಊಟ ಬಿಟ್ಟೆದ್ದರು. ಪವರ್‌ಹೌಸಿನಲ್ಲಿ ಅಷ್ಟು ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಮನುಷ್ಯ, ಅಮ್ಮನ ಮುಂದೆ ಬಾಯಿ ಬಿಡಲು ಹೆದರುತ್ತಾರೆ. ನನಗೇನೂ ಬೇಸರವಿಲ್ಲ. ಹೋಗುವವರು ಹೋಗಲಿ. ಅವರ ಕೋಣೆ ಮಗಳು ಮೋನಿಷಾಗೆ ಓದಲು ಆಗುತ್ತದೆ. ಊಟಿ ಕಾಲೇಜಿಗೆ ಹೋಗಿಬರುವ ಹುಡುಗಿ, ನಡುಮನೆಯಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಾಳೆ.

ಮಾರ್ಚ್ 18, ಮಂಗಳವಾರ

ಊರ ಬಾಯಿಗೆ ಬೀಗ ಹಾಕಲಾದೀತೇ? ಟೀ ಎಲೆ ತೂಕ ಹಾಕುವ ಜಾಗದಲ್ಲಿ ಇಬ್ಬರು ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಮೂರನೆಯವಳು ನಿಲ್ಲಿಸಲಿಲ್ಲ. "ಮನೆ ಹೊಸತಾದ ಮೇಲೆ ಹಳಬರು ಯಾಕೆ ಅಲ್ವಾ?" ಎಂದಳು. ಎಲೆ ಬುಟ್ಟಿಯನ್ನು ಅವಳ ತಲೆಯ ಮೇಲೆ ಕವುಚುವ ಮನಸ್ಸಾಗಿತ್ತು.

ಮನೆಗೆ ಬಂದು ಮಗಳ ಮುಂದೆ ಕೂಗಾಡಿದೆ. ಅವಳು ಶಾಂತವಾಗಿ ಫೋನು ತೋರಿಸಿದಳು. ಯಾವುದೋ ದೇಶದ ಹೆಂಗಸು ವಸಂತಕಾಲದ ಹಬ್ಬಕ್ಕೆ ಮನೆಯನ್ನು 'ವಿಂಟೇಜ್ ಸ್ಟೈಲಲ್ಲಿ' ಸಿಂಗರಿಸುತ್ತಿದ್ದಾಳೆ. ಹಳೇ ಬಾಟಲಿ, ಹಳೇ ಬಟ್ಟೆ, ಹಳೇ ಕಾಗದ. ಕಾಸು ಖರ್ಚಿಲ್ಲ.

"ಹೆತ್ತೆಗೆ ಹಳೇ ಮನೆ ಜ್ಞಾಪಕ ಅಮ್ಮ. ಎಲ್ಲಾ ಹೊಸದಾಗಿ ಪಳಪಳಾಂತ ಇದೆ, ಅವರಿಗೆ ಒಗ್ಗುತ್ತಿಲ್ಲ. ಹಬ್ಬಕ್ಕೆ ಮನೇನ ಹಳೇ ಮನೆ ಥರ ಮಾಡಿಬಿಡೋಣ. ಆಮೇಲೆ ನೋಡು, ಅವರು ಎಲ್ಲಿಗೂ ಹೋಗಲ್ಲ."

ಅಜ್ಜಿಯನ್ನು ನಾವು ಹೆತ್ತೆ ಅನ್ನುತ್ತೇವೆ. ಇವಳಿಗೆ ಹೆತ್ತೆ ಎಂದರೆ ಪ್ರಾಣ. ಸರಿ, ಹಟ್ಟಿಯವರ ಬಾಯಿ ಮುಚ್ಚಿಸುವುದಕ್ಕಾದರೂ ಮಾಡೋಣ ಎಂದೆ. ಬೇರೆ ಕಾರಣವೇನಿಲ್ಲ.

ಮಾರ್ಚ್ 22, ಶನಿವಾರ

ಬೆಳಿಗ್ಗೆಯಿಂದ ಕಾಗದಕ್ಕೆ ಟೀ ಕುಡಿಸುತ್ತಿದ್ದೇವೆ.

ಹಳೆಯದರಂತೆ ಕಾಣಲು ಗಟ್ಟಿ ಡಿಕಾಕ್ಷನ್ನಿನಲ್ಲಿ ನೆನೆಸಿ ಒಣಗಿಸಬೇಕಂತೆ. ಡಿಕಾಕ್ಷನ್ನಿಗೆ ನಮಗೆ ಬರವೇ? ಡಸ್ಟ್ ಟೀ ಪುಡಿಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಮೋನಿಷಾಳ ಹಳೇ ನೋಟುಬುಕ್ಕಿನ ಬಿಳಿ ಹಾಳೆ, ನನ್ನ ಹಳೇ ಸೀರೆಯ ಅಂಚು, ಹುರಿ, ಎಲ್ಲವನ್ನೂ ಅದ್ದಿ ತೆಗೆದೆವು. ಅಂಗಳದ ಪೇರ್ ಹಣ್ಣಿನ ಮರದಲ್ಲಿ ಬಿಳಿ ಹೂ ಬಿಟ್ಟಿದೆ, ಅದರ ಕೆಳಗೆ ಹಗ್ಗದ ತುಂಬ ಕಂದು ಕಾಗದ. ಒಣಗಿದ್ದನ್ನು ಮಡಿಸಿ, ಕತ್ತರಿಸಿ, ಮೈದಾ ಅಂಟಿನಲ್ಲಿ ಅಂಟಿಸಿ ಬೀಸಣಿಗೆ ಹೂವು ಮಾಡಿದೆವು. ಸೀರೆಯಂಚಿನಿಂದ ಮುಕ್ಕೋನದ ತೋರಣ. ನೀಲಗಿರಿ ಮರದ ಕಾಯಿ ಪೋಣಿಸಿ ಮಾಲೆ. ಹಾರ್ಲಿಕ್ಸ್ ಬಾಟಲಿಗೆ ಹುರಿ ಸುತ್ತಿ ಹೂದಾನಿ. ಕೈಯೆಲ್ಲ ಕಂದಾಗಿದೆ, ಸೋಪು ಹಾಕಿದರೂ ಹೋಗುತ್ತಿಲ್ಲ.

ಮಾಮಿ ಬಾಗಿಲ ಬಳಿಯ ಕುರ್ಚಿಯಿಂದ ನೋಡುತ್ತಿದ್ದರು. ಟೀ ಪುಡಿಯನ್ನು ಹೀಗೆ ಹಾಳು ಮಾಡುವುದಕ್ಕೆ ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬಿಸಿಲು ಸರಿದಾಗ ಕುರ್ಚಿಯನ್ನು ಸ್ವಲ್ಪ ಸರಿಸಿಕೊಳ್ಳಲೇ ಎಂದು ನನ್ನನ್ನು ಕೇಳಿದರು. ಕುರ್ಚಿ ಸರಿಸಲು ನನ್ನ ಅಪ್ಪಣೆಯಂತೆ!

ಮಾರ್ಚ್ 23, ಭಾನುವಾರ

ಎಲ್ಲವನ್ನೂ ನಡುಮನೆಯಲ್ಲಿ ಕಟ್ಟಿ ನೋಡಿದೆವು. ಮೋನಿಷಾ ಕುಣಿದಳು, ಫೋಟೋ ತೆಗೆದಳು. ಇವರು "ಏನೋ ಹೊಗೆ ಹಿಡಿದಂಗಿದೆ" ಎಂದು ಬೈಸಿಕೊಂಡರು.

ಅಡುಗೆಮನೆ ಬಾಗಿಲ ಮೇಲೆ ತೋರಣ ಕಟ್ಟುವಾಗ ದಾರದ ತುದಿಯನ್ನು ಒಳಗಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಮಾಮಿಯನ್ನು ಕರೆದೆ. ಕೋಲೂರಿಕೊಂಡು ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತರು. "ಒಳಗ ಬರಲಾ?" ಎಂದರು. ಕೈ ಮೇಲೆತ್ತಿ ದಾರ ಹಿಡಿದು ನಿಂತಿದ್ದ ನನಗೆ ರೇಗಿತು. "ಬನ್ನಿ ಮಾಮಿ, ಇದಕ್ಕೆಲ್ಲ ಚೀಟಿ ಕೊಡಬೇಕಾ?" ಎಂದೆ. ಬಂದರು, ದಾರ ಹಿಡಿದರು, ಮುಗಿದ ಕೂಡಲೇ ಹೊರಗೆ ಹೋದರು.

ಹೇಗಿದೆ ಎಂದು ಮೋನಿಷಾ ಕೇಳಿದ್ದಕ್ಕೆ "ಒಳ್ಳಿತು" ಎಂದರು. ಆ 'ಒಳ್ಳಿತು' ಕೇಳಿ ಕೇಳಿ ನನಗೆ ಸಾಕಾಗಿದೆ.

ಮಾರ್ಚ್ 29, ಶನಿವಾರ

ಇವತ್ತು ಬೈದರು! ಪೂರ್ತಿ ಬೈಗುಳವಲ್ಲ, ಅರ್ಧ.

ಮಧ್ಯಾಹ್ನ ಮೋನಿಷಾ ಅವರ ಪಕ್ಕ ಕೂತು ಪೀಡಿಸಿದಳು. "ಹೆತ್ತೆ, ನಿಜ ಹೇಳು. ಹಳೇ ಮನೆ ಥರಾನೇ ಇದೆ ತಾನೆ?" ಮಾಮಿ ಮೊದಲು ತಲೆ ಆಡಿಸಿದರು. ಆಮೇಲೆ ಕಂದು ಹೂವೊಂದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ತಡೆಯಲಾಗಲಿಲ್ಲ ಅನಿಸುತ್ತದೆ.

"ಎನ್ನ ಮನೆ ಹೀಂಗೆ ಇತ್ತಾ? ಒಲೆ ಮೇಲಣ ಮಸಿಬಟ್ಟೆ ಹಂಗೆ ಇದೆಯಲ್ಲ ಹೆಣ್ಣೆ!"

"ಹಳೇದು ಅಂದ್ರೆ ಹೀಗೇ ಅಲ್ವಾ ಹೆತ್ತೆ?"

"ನಿನಗ ಹಳೇದು. ನಾ ಮದುವೆ ಆಗಿ ಬಂದಾಗ ಆ ಮನೆ ಕಟ್ಟಿ ಮುಗಿದಿತ್ತಷ್ಟೆ. ಸುಣ್ಣ ಹಸಿ. ಕೈ ಒತ್ತಿದರೆ ಬೆಳ್ಳಗ ಅಂಟುತ್ತಿತ್ತು. ಚಿತ್ತಿರೆ ಹಬ್ಬಗ ಕೆಂಪು ಕಾಗದ, ಹಸುರು ಕಾಗದ, ನಡುವೆ ಬೆಳ್ಳಿ ಹೂವು. ದೀಪ ಹಚ್ಚಿದರೆ ಮನೆಯೆಲ್ಲ ಮಿಂಚುತ್ತಿತ್ತು. ಕಂದು ಬಣ್ಣ ಯಾರಿಗ ಬೇಕು? ಸಗಣಿ ಇರಲಿಲ್ಲೆಯಾ ನೋಡೋಕೆ?"

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಒಂದು ವಾರದ ದುಡಿಮೆಯನ್ನು ಸಗಣಿ ಅಂದದ್ದಕ್ಕೆ ಮೈ ಉರಿಯಬೇಕಿತ್ತು. ನಾನು ಹೋಗಿ ಏಲಕ್ಕಿ ಜಜ್ಜಿ ಟೀ ಮಾಡಿ ತಂದುಕೊಟ್ಟೆ. "ಬೆಳ್ಳಿ ಹೂವು ಯಾತರದ್ದು ಮಾಮಿ?" ಎಂದು ಕೇಳಿದೆ. ಆಗ ನನ್ನನ್ನು ನೋಡಿ, ಏನೋ ನೆನಪಾದವರಂತೆ ದನಿ ಇಳಿಸಿ, "ಇಲ್ಲೆ ಕಲಾ, ನೀ ಮಾಡಿದ್ದೂ ಒಳ್ಳಿತೇ" ಎಂದುಬಿಟ್ಟರು.

ಮತ್ತೆ ಅದೇ.

ಏಪ್ರಿಲ್ 1, ಮಂಗಳವಾರ

ಬೆಳ್ಳಿ ಹೂವಿನ ಗುಟ್ಟು ಮೋನಿಷಾಗೆ ಸಿಕ್ಕಿತು. ಮುಂಚೆ ಟೀ ತುಂಬುತ್ತಿದ್ದದ್ದು ಮರದ ಪೆಟ್ಟಿಗೆಗಳಲ್ಲಿ, ಒಳಗೆ ತೇವ ತಾಗದಂತೆ ಬೆಳ್ಳಿ ಕಾಗದ ಹಾಸುತ್ತಿದ್ದರು. ಹರಿದ ಚೂರುಗಳನ್ನು ಹೆಂಗಸರು ಮಡಿಲಲ್ಲಿ ತಂದು ಹಬ್ಬಕ್ಕೆ ಹೂವು ಮಾಡುತ್ತಿದ್ದರಂತೆ. ಆ ಪೆಟ್ಟಿಗೆಗಳನ್ನು ಈಗ ಎಲ್ಲಿ ಹುಡುಕುವುದು?

ಎಲೆ ಹಾಕಲು ಹೋದಾಗ ಫ್ಯಾಕ್ಟರಿಯ ಗೋಡೌನು ನೋಡಿಕೊಳ್ಳುವ ಗೋಪಾಲನ್ ಅವರನ್ನು ಕೇಳಿದೆ. ಗೂಡಲೂರಿನ ಕಡೆಯ ಮಲಯಾಳಿ, ಮಾತಿಗೆ ಮುಂಚೆ ನಗುವ ಮನುಷ್ಯ. ಕಾಗದದ ದಪ್ಪ ಚೀಲವೊಂದನ್ನು ಎಳೆದು ಹರಿದು ಒಳಪದರ ತೋರಿಸಿದರು. ಫಳಫಳ ಬೆಳ್ಳಿ!

"ಪೆಟ್ಟಿಗೆ ಹೋಯ್ತು, ವೆಳ್ಳಿ ಎಲ್ಲಿ ಹೋಗ್ತದೆ ಚೇಚಿ? ಹರಿದ ಚೀಲ ಎಷ್ಟು ಬೇಕಾದರೂ ಎಡುತ್ತೋ, ತಗೊಳ್ಳಿ. ನಿಮ್ಮ ಹಬ್ಬದ ದಿವಸವೇ ನಮಗೂ ವಿಷು ಅಲ್ಲವಾ, ನನ್ನ ಹೆಂಡತಿಗೂ ನಾಲ್ಕು ಹೂವು ಮಾಡಿ ಕೊಡಬೇಕು, ಅಷ್ಟೇ."

ಚೀಲಗಳನ್ನು ಸುತ್ತಿ ತಲೆಯ ಮೇಲೆ ಹೊತ್ತು ತಂದೆ. ದಾರಿಯಲ್ಲಿ ಆ ಮೂರನೆಯವಳು ಸಿಕ್ಕಿ ಏನದು ಎಂದಳು. "ನಮ್ಮ ಮಾಮಿಗೆ" ಎಂದೆ.

ಏಪ್ರಿಲ್ 5, ಶನಿವಾರ

ಕಂದು ಕಾಗದವೆಲ್ಲ ನೀರು ಕಾಯಿಸುವ ಒಲೆಗೆ ಹೋಯಿತು. ಸೀರೆಯಂಚಿನ ತೋರಣ ಮಾತ್ರ ಉಳಿಸಿದೆವು.

ಇವತ್ತು ಇಡೀ ದಿನ ಮಂಜು, ಎಲೆ ಕೀಳಲು ಹೋಗಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮೂವರೂ ಹೂವು ಮಾಡಿದೆವು. ಮಾಮಿ ಕುರ್ಚಿಯಲ್ಲಿ, ನಾನೂ ಮಗಳೂ ಕೆಳಗೆ. ಚೀಲದ ಒಳಪದರವನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಚಮಚದ ಬೆನ್ನಿನಿಂದ ಉಜ್ಜಿ ಸುಕ್ಕು ತೆಗೆಯಬೇಕು. ಆಮೇಲೆ ಮಡಿಸಿ ಕತ್ತರಿಸುವುದು. ಮಾಮಿ ಕತ್ತರಿಯನ್ನು ಅಲುಗಿಸುವುದಿಲ್ಲ, ಕಾಗದವನ್ನೇ ತಿರುಗಿಸುತ್ತಾರೆ. ಎಸಳಿನ ತುದಿಯನ್ನು ಉಗುರಿನಿಂದ ಸುರುಳಿ ಮಾಡುತ್ತಾರೆ. ನನ್ನ ಹೂವು ನೋಡಿ ಅವರ ತುಟಿ ಎರಡು ಸಲ ಅಲುಗಿತು, ಮಾತು ಹೊರಗೆ ಬರಲಿಲ್ಲ. ಮೂರನೆಯ ಸಲ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾವೇ ಮಡಿಸಿಕೊಟ್ಟರು. ಏನು ಖುಷಿಯಾಯಿತೋ.

ಕೆಲಸ ಮಾಡುತ್ತಾ ಹಳೆಯ ಕಥೆ ಹೇಳಿದರು. ಆ ಮನೆಗೆ ಒಕ್ಕಲಾದ ದಿನ ಅವರ ಮಾಮಿ ದೀಪ ಹಿಡಿದು ಮುಂದೆ, ಹೊಸ ಮದುವಣಗಿತ್ತಿ ಇವರು ಹಿಂದೆ. ಅವರ ಮಾಮಿ ಹಾಲು ಉಕ್ಕಿಸಿದರು.

"ಹಾಲು ಉಕ್ಕಿಸಿದವಳಿಗೇ ಮನೆ. ಅವಳು ಬದುಕಿರೋವರೆಗ ನಾ ಅವಳ ಕೇಳದೆ ಉಪ್ಪಿನ ಮರಿಗೆ ಮುಟ್ಟಲಿಲ್ಲೆ. ಅದು ಪದ್ಧತಿ. ಅವಳು ಹೋದ ಮೇಲೆ ಎನಗ ಬಂತು."

ಪಾಪ, ಎಷ್ಟು ಅಡಗಿಕೊಂಡು ಬದುಕಿದ್ದಾರೋ. ನನಗೂ ಅದಕ್ಕೇ ಅಷ್ಟು ಬೈದರೇನೋ ಎಂದುಕೊಂಡೆ. ಬೆಳ್ಳಿ ಹೂವುಗಳನ್ನು ಕೆಂಪು ಗಾಳಿಪಟದ ಕಾಗದದ ಮೇಲೆ ಅಂಟಿಸಿ ಮಾಲೆ ಮಾಡಿದೆವು. ಮೊದಲ ಮಾಲೆಯನ್ನು ಮಾಮಿಯ ಕೋಣೆಯ ಕಿಟಕಿಗೆ ಕಟ್ಟಿದೆ. ಅಲ್ಲಿ ಬೆಳಗಿನ ಬಿಸಿಲು ನೇರ ಬೀಳುತ್ತದೆ.

ಏಪ್ರಿಲ್ 8, ಮಂಗಳವಾರ

ಎಲೆ ಕಿತ್ತು ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಮಾಮಿ ಅದೇ ಬಾಗಿಲ ಬಳಿಯ ಕುರ್ಚಿಯಲ್ಲಿ ಕೆಮ್ಮುತ್ತಾ ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು. ಪಕ್ಕದ ಚೊಂಬು ಖಾಲಿ.

"ನೀರು ಕುಡಿಯಬಾರದಿತ್ತಾ ಮಾಮಿ? ಅಡುಗೆಮನೆಯಲ್ಲಿ ಕೊಡ ತುಂಬ ಇದೆಯಲ್ಲ!"

"ನೀ ಇರಲಿಲ್ಲೆಯಲ್ಲ. ನೀ ಇಲ್ಲದಾಗ ನಿನ್ನ ಒಳಮನೆಗ ನಾ ಹೋಪದು ಸರಿಯಾ?"

ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ನೆಂಟರ ಮನೆಗೆ ಬಂದವರು ಹೇಳುವಂತೆ ಹೇಳಿದರು. ನೀರು ತಂದು ಕೊಟ್ಟೆ. ಅವರು ಗಟಗಟ ಕುಡಿಯುವುದನ್ನು ನೋಡಲಾಗದೆ ಹಿತ್ತಲಿಗೆ ಹೋಗಿ ಅತ್ತೆ.

ಇಷ್ಟು ದಿನ ಮೊದ್ದಿನಂತೆ ಬರೆಯುತ್ತಾ ಕೂತಿದ್ದೇನೆ. ಚಪ್ಪಲಿ ಹೊರಗೆ, ಕುರ್ಚಿ ಸರಿಸಲು ಅಪ್ಪಣೆ, ಅಡುಗೆಮನೆ ಬಾಗಿಲಲ್ಲಿ "ಒಳಗ ಬರಲಾ". ಉಪ್ಪಿನ ಮರಿಗೆಯ ಕಥೆಯನ್ನು ನನ್ನ ಕೈಯಾರೆ ಇಲ್ಲೇ ಬರೆದಿದ್ದೇನೆ, ತಲೆಗೆ ಹೋಗಲಿಲ್ಲ. ಗೋಡೆ ಹಳೆಯದೋ ಹೊಸದೋ ಎಂಬುದು ಅವರಿಗೆ ಲೆಕ್ಕವೇ ಅಲ್ಲ. ಅವರಿಲ್ಲದಾಗ ದೀಪ ಹಿಡಿದು ನಾನು ನುಗ್ಗಿದೆ, ಹಾಲಿಟ್ಟೆ. ಅಲ್ಲಿಗೆ ಇದು ನನ್ನ ಮನೆ, ಅವರು ವಿರುಂದಿಗೆ ಬಂದ ನೆಂಟರು. ನೆಂಟರು ಊಟಕ್ಕೆ ಹೆಸರಿಡುತ್ತಾರೆಯೇ? ಹಬ್ಬ ಮುಗಿದ ಮೇಲೆ ಉಳಿಯುತ್ತಾರೆಯೇ?

ಏಪ್ರಿಲ್ 9, ಬುಧವಾರ

ಇವರಿಗೆ ಹೇಳಿದೆ. "ಹಾಗಾದ್ರೆ ಅವ್ವೆಗೆ ಹೇಳಿಬಿಡೋಣ, ಮನೆ ನಿಮ್ಮದೇ ಅಂತ" ಎಂದರು. ಈ ಗಂಡಸರು! ಬಾಯಲ್ಲಿ ಹೇಳಿದರೆ ಆಗುವುದಿದ್ದರೆ ಅವತ್ತು ಅಂಗಳದಲ್ಲೇ ಆಗುತ್ತಿತ್ತು. ನಾನು ಹೇಳಿಯೂ ನೋಡಿದೆ. "ನಿಮ್ಮ ಮನೆ ಮಾಮಿ, ಹೀಗೆಲ್ಲ ಕೇಳಬೇಡಿ" ಎಂದೆ. ಅವರು ನನ್ನ ಕೆನ್ನೆ ತಟ್ಟಿ, "ಒಳ್ಳೆ ಮಾತು ಹೆಣ್ಣೆ. ಆದರೆ ಪದ್ಧತಿ ಪದ್ಧತಿಯೇ" ಎಂದರು.

ಇನ್ನೊಮ್ಮೆ ಹಾಲು ಕಾಯಿಸಿ ಎನ್ನೋಣವೆಂದರೆ ಒಪ್ಪುವವರಲ್ಲ. ಒಂದು ಮನೆಗೆ ಎರಡು ಸಲ ಒಕ್ಕಲಾಗುವುದುಂಟೇ?

ಏಪ್ರಿಲ್ 11, ಶುಕ್ರವಾರ

ಮಾಮಿಯ ಚೀಲ ಕಟ್ಟಿಯಾಗಿದೆ. ಕೊಯಮತ್ತೂರಿನಿಂದ ತಂದಿದ್ದ ಎರಡು ಸೀರೆ, ಔಷಧಿ, ಬಾಚಣಿಗೆ. ಈ ಮನೆಯ ಒಂದು ಕರವಸ್ತ್ರವನ್ನೂ ಸೇರಿಸಿಲ್ಲ. ಮಂಚದ ಮೇಲಿನ ಹೊದಿಕೆಯನ್ನು ನೀಟಾಗಿ ಮಡಿಸಿಟ್ಟಿದ್ದಾರೆ.

ಬರೆಯಲು ಇಷ್ಟವಿಲ್ಲ.

ಏಪ್ರಿಲ್ 12, ಶನಿವಾರ

ಸಿಕ್ಕಿತು! ಗ್ರಾನೈಟ್ ಒರೆಸುತ್ತಿದ್ದಾಗ ಸಿಕ್ಕಿತು. ಈ ಡೈರಿಯ ಮೊದಲ ದಿನದ ಪುಟ ತೆಗೆದು ಓದಿ ಖಾತ್ರಿ ಮಾಡಿಕೊಂಡೆ. ಮಾಮಿ ಏನನ್ನುತ್ತಾರೋ ಗೊತ್ತಿಲ್ಲ. ಇವರಿಗೂ ಹೇಳಿಲ್ಲ.

ಏಪ್ರಿಲ್ 14, ಸೋಮವಾರ

ಎಲ್ಲರೂ ಊಟ ಮಾಡಿ ಮಲಗಿದ್ದಾರೆ, ಮಧ್ಯಾಹ್ನದ ನಿದ್ದೆ. ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಮಲ್ಲಿ ನಿನ್ನೆ ಸಂಜೆಯೇ ಕಾರು ತಂದಿದ್ದಳು. ಬೆಳಿಗ್ಗೆ ನಡುಮನೆಯಲ್ಲಿ ಕನ್ನಡಿ, ಹಣ್ಣಿನ ತಟ್ಟೆ, ಹೂವು ಇಟ್ಟೆವು. ಮೇಲೆಲ್ಲ ಕೆಂಪು ಕಾಗದ, ಬೆಳ್ಳಿ ಹೂವು. ಕಿಟಕಿ ತೆಗೆದಾಗ ಗಾಳಿಗೆ ಎಲ್ಲ ಒಟ್ಟಿಗೆ ಅಲುಗಿ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಓಡಾಡಿದವು. ಮಲ್ಲಿ ಬಾಯಿ ತೆರೆದು ನೋಡಿದಳು. "ನಾನು ಚಿಕ್ಕವಳಿದ್ದಾಗ ಹೀಗೇ ಇರ್ತಿತ್ತು" ಎಂದಳು. ಮಾಮಿ ಮಿಂದು, ಬಡಗ ಹೆಂಗಸರ ಬಿಳಿ ಮುಂಡು ಉಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಚೀಲ.

ನಾನು ಹೋಗಿ ಅವರ ಕಾಲ ಬಳಿ ಕೂತೆ.

"ಮಾಮಿ, ಒಂದು ತಪ್ಪಾಗಿದೆ."

"ಏನ?"

"ತೈ ತಿಂಗಳಲ್ಲಿ ಒಕ್ಕಲಾದಾಗ ಹಾಲು ಉಕ್ಕಲಿಲ್ಲ."

"ಉಕ್ಕಲಿಲ್ಲೆ ಅಂದರೆ?"

"ಉಕ್ಕೋದಕ್ಕೆ ಮುಂಚೆ ಗ್ಯಾಸ್ ಆರಿಸಿಬಿಟ್ಟೆ. ಹೊಸ ಕಲ್ಲು ನೋಡಿ, ಕಲೆ ಆಗುತ್ತೇಂತ..."

ಮಾಮಿ ನನ್ನನ್ನೇ ನೋಡಿದರು. ಅವರ ಮೂಗಿನ ಹೊಳ್ಳೆ ಅಗಲವಾಯಿತು. ಆ ಮೂಗನ್ನು ನಾನು ಬಲ್ಲೆ.

"ಕಲ್ಲು ಕೆಡುತ್ತೆಂದು ಹಾಲ ಅಡಗಿಸಿದೆಯಾ? ಹಾಲು ಉಕ್ಕಿಸದೆ ಮನೆ ಹೊಕ್ಕು ಮೂರು ತಿಂಗಳು ಉಂಡು ಮಲಗಿ ಎದ್ದಿದ್ದೀರಾ? ಏ ರಾಜೇಶ, ನೀ ಏನು ಮಾಡುತ್ತಿದ್ದೆ, ಕಣ್ಣು ಇರಲಿಲ್ಲೆಯಾ? ಕೇಳುವವರು ಯಾರೂ ಇಲ್ಲೆಯಾ ಈ ಹಟ್ಟಿಲಿ? ಹಾಲು ಉಕ್ಕದ ಮನೆಗೆ ಒಕ್ಕಲಾಯಿತು ಅನ್ನೋಕೆ ನಾಲಗೆ ಏಗೆ ಬಂತು? ಗುಂಡ್ಲುಪೇಟೆ ಬುದ್ಧಿ! ಗುಂಡ್ಲುಪೇಟೆ ಬುದ್ಧಿ!"

ಎರಡು ಸಲ ಅಂದರು. ನನಗೆ ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಅಳುತ್ತಿದ್ದೇನೆಂದುಕೊಂಡು ಮಲ್ಲಿ ನನ್ನ ಭುಜ ಹಿಡಿದಳು. ಬಿಡು ಮಾರಾಯ್ತಿ ಎಂದೆ.

ಆಮೇಲೆ ನಡೆದದ್ದೆಲ್ಲ ಮಾಮಿಯ ಹುಕುಂ. ಎಲ್ಲರೂ ಹೊರಗೆ! ಒಲೆಯ ಮೇಲಿದ್ದದ್ದೆಲ್ಲ ಇಳಿಸಬೇಕು. ಬಾಗಿಲು ಮುಚ್ಚಬೇಕು. ಹೊಸ ಹಾಲು, ಹೊಸ ಪಾತ್ರೆ. ಇವರು ಪಕ್ಕದ ಮನೆಗೆ ಹಾಲಿಗೆ ಓಡಿದರು, ಮಲ್ಲಿ ದೀಪಕ್ಕೆ ಎಣ್ಣೆ ಹಾಕಿದಳು. ಬೇಲಿಯ ಆಚೆ ನಾಲ್ಕಾರು ಹೆಂಗಸರು ಸೇರಿದ್ದರು, ಎಲೆ ತೂಕದ ಆ ಮೂರನೆಯವಳೂ ಸೇರಿ. ನೋಡಲಿ, ಚೆನ್ನಾಗಿ ನೋಡಲಿ.

ಮಾಮಿ ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ದೀಪ ಹಿಡಿದು ಬಾಗಿಲಿಗೆ ಬಂದರು. 'ನನಗೇ ಕೊಡಿ' ಎಂದು ಯಾರೂ ಹೇಳಲಿಲ್ಲ. ಅವರ ಮೊಣಕೈ ಹಿಡಿದು ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಬಾಗಿಲಲ್ಲಿ ಮತ್ತೆ ನಿಂತುಬಿಟ್ಟರು.

"ಹೊಸಿಲೇ ಇಲ್ಲದ ಬಾಗಿಲಿಗ ಬಲಗಾಲು ಎಲ್ಲಿಂದ ಎಲ್ಲಿಗ ಇಡೋದು?"

ಅವರು ಬೀಳಬಾರದೆಂದೇ ತೆಗೆಸಿದ ಹೊಸಿಲು. ಆಗ ಮೋನಿಷಾ ಒಳಗೆ ಓಡಿ, ಉಳಿದಿದ್ದ ಟೀ ಚೀಲದ ಬೆಳ್ಳಿ ಪಟ್ಟಿಯೊಂದನ್ನು ತಂದು ಬಾಗಿಲಿನ ಅಡ್ಡಕ್ಕೆ ನೆಲದ ಮೇಲೆ ಹಾಸಿದಳು. ಗಾಳಿಗೆ ಹಾರದಂತೆ ಎರಡು ತುದಿಗೂ ಅರಿಸಿನದ ಕೊಂಬು ಇಟ್ಟಳು. ಮಾಮಿ ಅದನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. "ಇದಕ್ಕೆ ಮಾತ್ರ ಎನ್ನ ಬುದ್ಧಿ ಬಂದಿದೆ" ಎಂದರು. ಬೆಳ್ಳಿ ಹೊಸಿಲನ್ನು ದಾಟಿ ಬಲಗಾಲನ್ನು ಒಳಗಿಟ್ಟರು. ದೀಪ ಆರಲಿಲ್ಲ.

ಅಡುಗೆಮನೆಗೆ ಯಾರನ್ನೂ ಕೇಳದೆ ಹೋದರು. ಹಾಲಿಟ್ಟು, ಸೊಂಟ ನೋಯುತ್ತದೆ ಕೂರಿ ಎಂದರೂ ಕೂರದೆ, ಕಲ್ಲಿಗೆ ಒರಗಿ ನಿಂತು ಕಾದರು. ಹಾಲು ಮೇಲೆ ಬಂತು. ನನ್ನ ಕೈ ರೂಢಿಯಂತೆ ಗ್ಯಾಸಿನ ಕಡೆಗೆ ಹೋಯಿತು. ಮಾಮಿ ಪಟ್ಟೆಂದು ಅದರ ಮೇಲೆ ಹೊಡೆದರು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿ, ನನ್ನ ಕರಿ ಗ್ರಾನೈಟಿನ ಮೇಲೆ ಹರಿದು, ಅಂಚಿನಿಂದ ತೊಟ್ಟಿಕ್ಕಿ ನನ್ನ ಪಾದದ ಮೇಲೆ ಬಿತ್ತು. ಚುರ್ ಎಂದಿತು. ನಾನು ಕಾಲು ಸರಿಸಲಿಲ್ಲ.

ಪಾಯಸ ಉಂಡ ಮೇಲೆ ಮಲ್ಲಿ ಮೆಲ್ಲಗೆ ಕಾರಿನ ಕೀ ತೆಗೆದು, "ಅವ್ವೆ, ಹೋಪೊವಾ?" ಎಂದಳು.

"ನೀ ಹೋಗು. ಎನ್ನ ಮನೆ ಇವರ ಕೈಗ ಬಿಟ್ಟು ನಾ ಎಲ್ಲಿಗ ಬರಲಿ? ಇನ್ನೂ ಏನೇನು ಆರಿಸಿಬಿಡುತ್ತಾರೋ."

ಮಲ್ಲಿ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡಳು. ಇವರು ಪಾಯಸದ ಲೋಟ ಹಿಡಿದು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕುಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಒಲೆಯ ಕಟ್ಟೆ ಎತ್ತರ ಹೆಚ್ಚಾಯಿತಂತೆ. ಉಪ್ಪನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವವರು ಮನುಷ್ಯರೇ ಅಲ್ಲವಂತೆ. ಪಾಯಸಕ್ಕೆ ಬೆಲ್ಲ ಕಡಿಮೆ, ಕಿಟಕಿ ತಪ್ಪು ದಿಕ್ಕಿಗೆ, ಗೋಪಾಲನ್‌ಗೆಂದು ನಾನು ಮಾಡಿಟ್ಟ ಬೆಳ್ಳಿ ಹೂವು ಹೂಕೋಸಿನ ಹಾಗಿದೆ. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿ ಅಡ್ಡಾದಿಡ್ಡಿ ಬಿದ್ದಿದೆ, ಅದನ್ನು ಮೊದಲು ಅಲ್ಲಿಂದ ತೆಗೆಯಬೇಕಂತೆ. ತೆಗೆದೆ. ಕಲ್ಲಿನ ಮೇಲೆ ಹಾಲಿನ ಕಲೆ ಬಿದ್ದಿದೆ, ಉಜ್ಜಲು ಹೋಗಿಲ್ಲ.

ನಾಳೆ ಬೆಳಿಗ್ಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಅವರು ಹೇಳಿದ ಹಾಗೆ ಜೋಡಿಸಬೇಕಂತೆ. ಹೊತ್ತು ಹುಟ್ಟುವ ಮುಂಚೆ ಎದ್ದಿರದಿದ್ದರೆ ಬೈಗುಳ ತಪ್ಪಿದ್ದಲ್ಲ. ಸ್ವಲ್ಪ ತಡವಾಗಿಯೇ ಏಳುತ್ತೇನೆ.